ತಣ್ಣಗಿದ್ದಾಗ ಟಿಕ್ ಟಿಕ್, ಬಿಸಿಯಾದ ಮೇಲೆ ಮೌನ: ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ಸದ್ದಿನ ಮೂಲ ಯಾವುದು?

ಪ್ರಶ್ನೆ: ನನ್ನ ಬಳಿ 1996ರ ಮಜ್ದಾ ಎಂಎಕ್ಸ್-5 ಇದೆ, 1.8 ಲೀಟರ್ ಎಂಜಿನ್. ಮೂರು ತಿಂಗಳು ನಿಂತಿದ್ದ ಕಾರನ್ನು ಮತ್ತೆ ಓಡಿಸಲು ತೊಡಗಿದಂದಿನಿಂದ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿನ ಮೇಲ್ಭಾಗದಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿದೆ. ಆಕ್ಸಿಲರೇಟರ್ ಒತ್ತಿದರೆ ಸದ್ದಿನ ವೇಗವೂ ಹೆಚ್ಚುತ್ತದೆ. ಹತ್ತು ಹದಿನೈದು ನಿಮಿಷ ಓಡಿಸಿದ ಮೇಲೆ ಬಹುಮಟ್ಟಿಗೆ ಅಡಗುತ್ತದೆ. ಸದ್ದು ನಿಲ್ಲಲೆಂದು 20ಡಬ್ಲ್ಯು-50 ದಪ್ಪ ಆಯಿಲ್ ಹಾಕಿಸಿದೆ. ಬೆಳಗಿನ ಸದ್ದು ಈಗ ಇನ್ನೂ ಹೆಚ್ಚು ಹೊತ್ತು ಇರುತ್ತದೆ. ಆಯಿಲ್ ಪ್ರೆಶರ್ ಮುಳ್ಳು ಮಾತ್ರ ಯಾವಾಗಲೂ ಸರಿಯಾಗಿ ನಡುವೆಯೇ ನಿಂತಿರುತ್ತದೆ. ಒಬ್ಬ ಮೆಕ್ಯಾನಿಕ್ ಬೇರಿಂಗ್ (ಎಂಜಿನ್ನಿನೊಳಗೆ ತಿರುಗುವ ಶಾಫ್ಟನ್ನು ಆಧರಿಸುವ ಲೋಹದ ಭಾಗ) ಹೋಗಿದೆ, ಎಂಜಿನ್ ಬಿಚ್ಚಬೇಕು ಎನ್ನುತ್ತಾರೆ. ಇನ್ನೊಬ್ಬರು ಆಯಿಲ್‌ಗೆ ಬೆರೆಸುವ ದ್ರವವನ್ನು ಒಂದು ಬಾಟಲಿ ಸುರಿದರೆ ಸಾಕು ಎನ್ನುತ್ತಾರೆ. ಯಾರ ಮಾತನ್ನು ಕೇಳಬೇಕು?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ಅವರಲ್ಲಿ ಒಬ್ಬರು ಹೇಳಿದ್ದು ಕೊನೆಗೆ ನಿಜವಾಗಲೂಬಹುದು, ಆದರೆ ಇಬ್ಬರೂ ಏನನ್ನೂ ಅಳೆಯದೆ, ಸದ್ದಿನ ಜಾಗವನ್ನು ಹುಡುಕದೆ ಹೇಳಿದ್ದಾರೆ. ನಿಮ್ಮ ಪತ್ರದಲ್ಲಿ ನಿಮಗೆ ಧೈರ್ಯ ಕೊಟ್ಟಿರುವ ಒಂದೇ ಒಂದು ಸಂಗತಿ, ಅಂದರೆ ಯಾವಾಗಲೂ ನಡುವೆ ನಿಲ್ಲುವ ಆಯಿಲ್ ಪ್ರೆಶರ್ ಮುಳ್ಳು, ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಉಂಟುಮಾಡಿದ ಸಂಗತಿ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

1989ರಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ಆರಂಭದ ವರ್ಷಗಳ ಮಾದರಿಗಳಲ್ಲಿ ಇದ್ದದ್ದು ನಿಜವಾದ ಪ್ರೆಶರ್ ಮೀಟರ್. ಒತ್ತಡ ಏರಿದರೆ ಮುಳ್ಳು ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. 1995ರ ಮಾದರಿಯಿಂದ ಮುಂದಕ್ಕೆ ನೋಟಕ್ಕೆ ಮೀಟರನ್ನು ಹಾಗೆಯೇ ಉಳಿಸಿಕೊಂಡು, ಅದರ ಹಿಂದೆ ಕೇವಲ ಒಂದು ಸ್ವಿಚ್ಚನ್ನು ಜೋಡಿಸಲಾಯಿತು. ಕನಿಷ್ಠ ಮಟ್ಟದ ಒತ್ತಡ ಇದ್ದರೆ ಸಾಕು, ಮುಳ್ಳು ನೆಟ್ಟಗೆ ನಡುವಿಗೆ ಬಂದು ನಿಲ್ಲುತ್ತದೆ. ಒತ್ತಡ ಅದಕ್ಕಿಂತ ಸ್ವಲ್ಪವೇ ಹೆಚ್ಚಿದೆಯೋ ಹಲವು ಪಟ್ಟು ಹೆಚ್ಚಿದೆಯೋ ಎಂಬುದನ್ನು ಅದು ಹೇಳಲಾರದು. ನಿಮ್ಮ ಕಾರಿನಲ್ಲಿ ಯಾವುದಿದೆ ಎಂದು ತಿಳಿಯುವುದು ಸುಲಭ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ, ಮುಳ್ಳು ಎಲ್ಲಿದೆ ನೋಡಿ, ಬಳಿಕ 3000 ಆರ್‌ಪಿಎಂವರೆಗೆ (ನಿಮಿಷಕ್ಕೆ 3000 ಸುತ್ತು) ಏರಿಸಿ. ನಿಜವಾದ ಮೀಟರ್ ಆಗಿದ್ದರೆ ಮುಳ್ಳು ಕದಲಲೇಬೇಕು. ಕದಲದಿದ್ದರೆ, ಈವರೆಗೆ ನೀವು ನೋಡಿಕೊಂಡು ಬಂದದ್ದು ಎಚ್ಚರಿಕೆಯ ದೀಪವೊಂದನ್ನು, ಮುಳ್ಳಿನ ರೂಪದಲ್ಲಿ.

ಟಿಕ್ ಸದ್ದಿನ ವಿಷಯದಲ್ಲಿ ಆಯಿಲ್ ಒತ್ತಡಕ್ಕೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ನಿಮ್ಮ ಎಂಜಿನ್ನಿನಲ್ಲಿ ಗಾಳಿ ಮತ್ತು ಹೊಗೆಯ ದಾರಿಯನ್ನು ತೆರೆದು ಮುಚ್ಚುವ ಹದಿನಾರು ವಾಲ್ವ್, ಅವನ್ನು ಒತ್ತುವ ಉಬ್ಬುಗಳಿರುವ (ಆ ಉಬ್ಬುಗಳೇ ಕ್ಯಾಮ್) ಎರಡು ಕ್ಯಾಮ್‌ಶಾಫ್ಟ್ ಹಾಗೂ ಒಂದೊಂದು ವಾಲ್ವಿಗೆ ಒಂದರಂತೆ ಹದಿನಾರು ಹೈಡ್ರಾಲಿಕ್ ಟ್ಯಾಪೆಟ್‌ಗಳಿವೆ. ಈ ಟ್ಯಾಪೆಟ್ ಎಂದರೆ ಬೋರಲು ಹಾಕಿದ ಸಣ್ಣ ಉಕ್ಕಿನ ಬಟ್ಟಲು. ಅದರೊಳಗೆ ಒಂದು ಪುಟ್ಟ ಪ್ಲಂಜರ್, ಅದರ ಕೆಳಗೆ ಸ್ಪ್ರಿಂಗ್, ನಡುವೆ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಉಕ್ಕಿನ ಗುಂಡು ಇರುತ್ತದೆ. ಬಟ್ಟಲಿನ ಬದಿಯ ರಂಧ್ರದಿಂದ ಒತ್ತಡದಲ್ಲಿ ಒಳಬಂದ ಆಯಿಲ್ ಗುಂಡನ್ನು ಸರಿಸಿ ಪ್ಲಂಜರಿನ ಕೆಳಗಿನ ಕೋಣೆಯನ್ನು ತುಂಬುತ್ತದೆ. ಕ್ಯಾಮ್ ಬಂದು ಒತ್ತಿದಾಗ ಗುಂಡು ದಾರಿಯನ್ನು ಮುಚ್ಚುತ್ತದೆ. ಒಳಗೆ ಸಿಕ್ಕಿದ ಆಯಿಲ್ ಕುಗ್ಗದ ಕಾರಣ ಇಡೀ ಬಟ್ಟಲು ಗಟ್ಟಿ ಲೋಹದ ತುಂಡಿನಂತೆ ವಾಲ್ವನ್ನು ಕೆಳಕ್ಕೆ ತಳ್ಳುತ್ತದೆ. ಕ್ಯಾಮಿಗೂ ವಾಲ್ವಿಗೂ ನಡುವೆ ಎಡೆಯೇ ಉಳಿಯದಿರುವುದರಿಂದ ಸದ್ದೂ ಇರುವುದಿಲ್ಲ. ಆದರೆ ಗುಂಡಿನ ಕೆಳಗೆ ಒಂದು ಕಣ ಕಸ ಕುಳಿತರೂ, ಪ್ಲಂಜರ್ ಸವೆದು ಆಯಿಲ್ ಸೋರಿದರೂ, ಆಯಿಲ್ ಜೊತೆ ಗಾಳಿಯ ಗುಳ್ಳೆಗಳು ಒಳಹೊಕ್ಕರೂ, ಅಥವಾ ಆ ರಂಧ್ರದವರೆಗೆ ಆಯಿಲ್ ಸಾಕಷ್ಟು ಒತ್ತಡದಲ್ಲಿ ಬಾರದೇ ಹೋದರೂ, ಕೋಣೆ ಪೂರ್ತಿ ತುಂಬುವುದಿಲ್ಲ. ಆಗ ಎಡೆ ಉಂಟಾಗುತ್ತದೆ, ಕ್ಯಾಮ್ ಬಟ್ಟಲಿಗೆ ಬಡಿಯುತ್ತದೆ, ನಿಮಗೆ ಟಿಕ್ ಎಂದು ಕೇಳಿಸುತ್ತದೆ. ಕೊನೆಯ ಕಾರಣವೊಂದನ್ನು ಬಿಟ್ಟರೆ ಉಳಿದವು ಟ್ಯಾಪೆಟ್‌ನ ತೊಂದರೆಗಳು, ಕಾರು ಓಡಿಸುತ್ತಲೇ ನಿಧಾನವಾಗಿ ಸರಿಪಡಿಸಬಹುದಾದವು. ಕೊನೆಯದು ಇಡೀ ಎಂಜಿನ್ನಿನ ತೊಂದರೆ. ಎರಡೂ ಕಿವಿಗೆ ಒಂದೇ ರೀತಿ ಕೇಳಿಸುತ್ತವೆ.

ಆದ್ದರಿಂದ ಮೊದಲ ಕೆಲಸವೆಂದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡುವುದು. ಸಮತಟ್ಟಾದ ನೆಲದಲ್ಲಿ, ಎಂಜಿನ್ ನಿಲ್ಲಿಸಿ ಹತ್ತು ನಿಮಿಷವಾದ ಮೇಲೆ ನೋಡಬೇಕು. ಆಯಿಲ್ ಕಡಿಮೆಯಿದ್ದರೆ ಪಂಪು ತಿರುವುಗಳಲ್ಲಿ ಗಾಳಿ ಹೀರುತ್ತದೆ ಎಂಬುದು ಬಹಳ ಜನರಿಗೆ ಗೊತ್ತು. ಹೆಚ್ಚಿದ್ದರೂ ತೊಂದರೆ ಎಂಬುದು ಅಷ್ಟಾಗಿ ಗೊತ್ತಿಲ್ಲ: ಮೇಲಿನ ಗುರುತನ್ನು ಬಹಳಷ್ಟು ಮೀರಿ ತುಂಬಿದ ಆಯಿಲನ್ನು ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ, ಆ ನೊರೆ ಟ್ಯಾಪೆಟ್‌ಗಳೊಳಗೆ ಹೋಗುತ್ತದೆ.

ಎರಡನೆಯ ಕೆಲಸವೆಂದರೆ ನೀವು ಹಾಕಿಸಿದ ದಪ್ಪ ಆಯಿಲನ್ನು ಹೊರಹಾಕುವುದು. ತಣ್ಣಗಿರುವಾಗ ಆ ಆಯಿಲ್ ಟ್ಯಾಪೆಟ್‌ನ ಕಿರಿದಾದ ದಾರಿಗಳಲ್ಲಿ ನಿಧಾನವಾಗಿ ಹರಿಯುತ್ತದೆ, ಅದಕ್ಕೇ ಬೆಳಗಿನ ಸದ್ದು ಲಂಬಿಸಿದೆ. ಅದಕ್ಕಿಂತ ಮುಖ್ಯವಾಗಿ, ಬೇರಿಂಗ್ ಸವೆದಿದ್ದರೆ ದಪ್ಪ ಆಯಿಲ್ ಒತ್ತಡವನ್ನು ತುಸು ಏರಿಸಿ ಆ ಸವೆತವನ್ನು ಮುಚ್ಚಿಡುತ್ತದೆ. ಪರೀಕ್ಷೆ ಮಾಡುವ ಹೊತ್ತಿನಲ್ಲಿ ಮುಚ್ಚಿಡುವ ಯಾವುದೂ ಎಂಜಿನ್ನಿನೊಳಗೆ ಇರಬಾರದು. ನಿಮ್ಮ ಕಾರಿನ ಕೈಪಿಡಿಯಲ್ಲಿ ಹವೆಯ ಉಷ್ಣಾಂಶಕ್ಕೆ ತಕ್ಕಂತೆ ಆಯಿಲ್ ದರ್ಜೆಯ ಪಟ್ಟಿ ಇರುತ್ತದೆ, ಅದರಂತೆ ಹಾಕಿ. ಜೊತೆಗೆ ಫಿಲ್ಟರನ್ನೂ ಬದಲಿಸಿ. ಈ ಎಂಜಿನ್ನಿನಲ್ಲಿ ಫಿಲ್ಟರ್, ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಬಹುತೇಕ ಅಡ್ಡಲಾಗಿ ಕೂರುತ್ತದೆ. ಎಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಹರಿದುಹೋಗದಂತೆ ಫಿಲ್ಟರಿನೊಳಗೆ ಒಂದು ರಬ್ಬರ್ ಪೊರೆ ಇರುತ್ತದೆ. ಕಳಪೆ ಫಿಲ್ಟರುಗಳಲ್ಲಿ ಇದು ಬೇಗ ಗಡುಸಾಗಿ ಆಯಿಲನ್ನು ಹಿಡಿದಿಡುವುದಿಲ್ಲ. ಆಗ ಪ್ರತಿ ಬೆಳಿಗ್ಗೆ ಪಂಪು ಖಾಲಿ ದಾರಿಯನ್ನು ಹೊಸದಾಗಿ ತುಂಬಬೇಕಾಗುತ್ತದೆ. ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡು ಮಾತ್ರ ಬಂದು ನಿಲ್ಲುವ ಸದ್ದಿಗೆ ಬಹಳ ಸಲ ಕಾರಣ ಇಷ್ಟೇ.

ತೆಗೆದ ಹಳೆಯ ಫಿಲ್ಟರನ್ನು ಎಸೆಯಬೇಡಿ. ಈ ಪರೀಕ್ಷೆಯಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಸಾಕ್ಷಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದರ ತಗಡಿನ ಹೊರಕವಚವನ್ನು ಅಂಚಿನ ಸುತ್ತ ಕತ್ತರಿಸಿ ತೆಗೆಯಿರಿ. ಗರಗಸ ಬಳಸಿದರೆ ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ, ಹಾಗಾಗಿ ಫಿಲ್ಟರ್ ಕತ್ತರಿಸುವ ಸಾಧನ ಅಥವಾ ಗಟ್ಟಿಯಾದ ತಗಡು ಕತ್ತರಿಯೇ ಒಳ್ಳೆಯದು. ಒಳಗಿನ ನೆರಿಗೆ ಕಾಗದವನ್ನು ಚಾಕುವಿನಿಂದ ಬಿಡಿಸಿ, ಆಯಿಲನ್ನು ಹಿಂಡಿ ತೆಗೆದು, ನೆರಿಗೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿ. ಕಪ್ಪು ಮಡ್ಡಿ, ಸಣ್ಣ ಕರಿಯ ಚೂರುಗಳು ಇದ್ದರೆ ಅದು ಹಳೆಯ ಎಂಜಿನ್ನಿನ ಸಹಜ ಕೊಳೆ. ಆದರೆ ನೆರಿಗೆಯ ತಳದಲ್ಲಿ ಬೂದು ಬಣ್ಣದ ತೆಳು ಚಕ್ಕೆಗಳು ಬಿಸಿಲಿಗೆ ಮಿಂಚಿದರೆ ಅಲ್ಲೇ ನಿಲ್ಲಿ. ಅವನ್ನು ಬಿಳಿ ಬಟ್ಟೆಯ ಮೇಲೆ ತೆಗೆದು ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕು: ಕ್ಯಾಮ್, ಟ್ಯಾಪೆಟ್ ಅಥವಾ ಪಿಸ್ಟನ್ ರಿಂಗುಗಳ ಕಡೆ ಸಂಶಯ ಹೋಗಬೇಕು. ಅಂಟದಿದ್ದರೆ, ಅದರಲ್ಲೂ ನಡುನಡುವೆ ತಾಮ್ರದ ಬಣ್ಣ ಕಂಡರೆ, ಅದು ಬಹುಮಟ್ಟಿಗೆ ಬೇರಿಂಗ್‌ನ ಲೋಹ. ಬೇರಿಂಗ್ ಹೋಗಿದೆ ಎಂದ ಮೆಕ್ಯಾನಿಕ್‌ನ ಮಾತಿಗೆ ಆಗ ಬಲ ಬರುತ್ತದೆ, ಆ ಕಾರನ್ನು ಮತ್ತೆ ಸ್ಟಾರ್ಟ್ ಮಾಡಬಾರದು.

ಅಂಥದ್ದೇನೂ ಕಾಣಲಿಲ್ಲ ಎಂದುಕೊಳ್ಳೋಣ. ಈಗ ಒತ್ತಡವನ್ನು ನಿಜವಾಗಿ ಅಳೆಯಬೇಕು. ಫಿಲ್ಟರಿನ ಹತ್ತಿರವೇ ಇರುವ ಪ್ರೆಶರ್ ಸ್ವಿಚ್ಚನ್ನು ಬಿಚ್ಚಿ, ಅದರ ಜಾಗಕ್ಕೆ ಕೊಳವೆಯ ಮೂಲಕ ಮೆಕ್ಯಾನಿಕಲ್ ಮೀಟರ್ ಜೋಡಿಸುತ್ತಾರೆ. ಇಲ್ಲಿ ಒಂದು ಎಚ್ಚರಿಕೆ: ಆ ರಂಧ್ರದ ಥ್ರೆಡ್ 1/8 ಅಳತೆಯ ಬ್ರಿಟಿಷ್ ಕ್ರಮದ್ದು. ನೋಡಲು ಬಹುತೇಕ ಅದೇ ರೀತಿ ಇರುವ ಅಮೆರಿಕನ್ ಥ್ರೆಡ್ಡಿನ ಫಿಟಿಂಗ್ ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ, ಬಲವಂತ ಮಾಡಿದರೆ ಎಂಜಿನ್ ಬ್ಲಾಕಿನ ಥ್ರೆಡ್ಡೇ ಹಾಳಾಗುತ್ತದೆ. ಮೀಟರ್ ಜೋಡಿಸಿದ ಮೇಲೆ ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ಎಂಜಿನ್ ಓಡಿ ಆಯಿಲ್ ಬಿಸಿಯಾಗಬೇಕು. ತಣ್ಣನೆಯ ಎಂಜಿನ್ನಿನಲ್ಲಿ ಸವೆದ ಬೇರಿಂಗ್ ಸಹ ಒಳ್ಳೆಯ ಒತ್ತಡವನ್ನೇ ತೋರಿಸುತ್ತದೆ. ಈ ಎಂಜಿನ್ನಿಗೆ ಬಿಸಿಯಲ್ಲಿ 3000 ಆರ್‌ಪಿಎಂನಲ್ಲಿ 43ರಿಂದ 57 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇರಬೇಕೆಂದು ಸರ್ವಿಸ್ ಕೈಪಿಡಿ ಹೇಳುತ್ತದೆ. ಬೇರೆ ಕಾರುಗಳ ಕೈಪಿಡಿ ಕೈಗೆ ಸಿಗದಿದ್ದಾಗ, ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಎಂಬ ರೂಢಿಯ ಲೆಕ್ಕವನ್ನು ಮೆಕ್ಯಾನಿಕ್‌ಗಳು ಬಳಸುತ್ತಾರೆ. ನಿಮ್ಮ ಕಾರಿನ ಒತ್ತಡ ಕೈಪಿಡಿಯ ಅಂಕಿಗಿಂತ ಸ್ಪಷ್ಟವಾಗಿ ಕಡಿಮೆಯಿದ್ದರೆ ಸದ್ದಿನ ಹುಡುಕಾಟವನ್ನು ನಿಲ್ಲಿಸಿ ಒತ್ತಡದ ಕಾರಣವನ್ನು ಹುಡುಕಬೇಕು: ಪಂಪಿನ ಜಾಲರಿ ಕಟ್ಟಿಕೊಂಡಿರಬಹುದು, ಪಂಪು ಸವೆದಿರಬಹುದು, ಇಲ್ಲವೇ ಬೇರಿಂಗ್ ಸಡಿಲಾಗಿರಬಹುದು.

ಒತ್ತಡ ಸರಿಯಿದ್ದರೆ ಬೇರಿಂಗ್‌ನ ಆತಂಕ ಬಹಳಷ್ಟು ಕಡಿಮೆಯಾಗುತ್ತದೆ. ಅದಲ್ಲದೆ ನಿಮ್ಮ ವಿವರಣೆಯೂ ಬೇರಿಂಗ್‌ಗೆ ಹೊಂದುವುದಿಲ್ಲ. ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸಡಿಲವಾದಾಗ ಬರುವುದು ಟಿಕ್ ಅಲ್ಲ, ಒಳಗಿನಿಂದ ಸುತ್ತಿಗೆಯಲ್ಲಿ ಹೊಡೆದಂಥ ಗಡಸು ಸದ್ದು. ಆಯಿಲ್ ಬಿಸಿಯಾಗಿ ತೆಳುವಾದಂತೆ ಅದು ಹೆಚ್ಚುತ್ತದೆ, ನಿಮ್ಮದು ಕಡಿಮೆಯಾಗುತ್ತಿದೆ. 2000–2500 ಆರ್‌ಪಿಎಂನಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಹಿಡಿದು ತಟ್ಟನೆ ಬಿಟ್ಟಾಗ ಅದು ಅತ್ಯಂತ ಸ್ಪಷ್ಟವಾಗಿ ಕೇಳಿಸುತ್ತದೆ. ಅಂಥ ಸದ್ದು ಎಂದಾದರೂ ಕೇಳಿದರೆ ಅಲ್ಲೇ ಎಂಜಿನ್ ನಿಲ್ಲಿಸಿ, ಕಾರನ್ನು ಎಳೆಸಿಕೊಂಡು ಹೋಗಿ.

ತಣ್ಣಗಿದ್ದಾಗ ಜೋರು, ಬಿಸಿಯಾದ ಮೇಲೆ ಮೌನ ಎಂಬ ಲಕ್ಷಣಕ್ಕೆ ಹೊಂದುವ ಶಂಕಿತರು ಮೂರು: ಹೈಡ್ರಾಲಿಕ್ ಟ್ಯಾಪೆಟ್, ಹೊಗೆಯನ್ನು ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸೋರಿಕೆ, ಸಿಲಿಂಡರಿನ ಗೋಡೆಗೆ ಬಡಿಯುವ ಪಿಸ್ಟನ್. ಬಿಸಿಯಾದ ಮೇಲೆ ಟ್ಯಾಪೆಟ್ ಸುಮ್ಮನಾಗುವುದು ಆಯಿಲ್ ತುಂಬಿಕೊಳ್ಳುವುದರಿಂದ. ಎಕ್ಸಾಸ್ಟ್ ಸುಮ್ಮನಾಗುವುದು ಲೋಹ ಹಿಗ್ಗಿ ಬಿರುಕನ್ನು ಮುಚ್ಚುವುದರಿಂದ. ಪಿಸ್ಟನ್ ಸುಮ್ಮನಾಗುವುದು ತಾನೇ ಹಿಗ್ಗಿ ಸಿಲಿಂಡರನ್ನು ತುಂಬುವುದರಿಂದ. ಲಕ್ಷಣ ಒಂದೇ, ಕಾರಣ ಮೂರು, ಮೂರಕ್ಕೂ ಬೇರೆ ಬೇರೆ ದುರಸ್ತಿ. ಬಹಳಷ್ಟು ತಪ್ಪು ನಿರ್ಣಯಗಳು ಹುಟ್ಟುವುದು ಇಲ್ಲಿಯೇ.

ಸದ್ದಿನ ಲಯವನ್ನು ಎಣಿಸಿದರೆ ಗೊತ್ತಾಗುತ್ತದೆ ಎಂದು ಹಲವರು ಹೇಳುತ್ತಾರೆ. ಅದು ಅರ್ಧ ನಿಜ. ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ಶಾಫ್ಟಿನ ಅರ್ಧ ವೇಗದಲ್ಲಿ ತಿರುಗುತ್ತದೆ. ನಿಮ್ಮ ಎಂಜಿನ್ 850 ಆರ್‌ಪಿಎಂನಲ್ಲಿ ಐಡಲ್ ಆಗುತ್ತಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ 14 ಸುತ್ತು, ಕ್ಯಾಮ್ 7 ಸುತ್ತು. ಮೊಬೈಲಿನಲ್ಲಿ ಸದ್ದನ್ನು ಮುದ್ರಿಸಿ, ಧ್ವನಿಯ ಅಲೆಯನ್ನು ತೋರಿಸುವ ಯಾವುದಾದರೂ ಆ್ಯಪಿನಲ್ಲಿ ತೆರೆದು, ಒಂದು ಸೆಕೆಂಡಿನಲ್ಲಿ ಎಷ್ಟು ಮೊನೆಗಳು ಏಳುತ್ತವೆ ಎಂದು ಎಣಿಸಿ. ಏಳು ಬಂದರೆ ಕ್ರ್ಯಾಂಕಿನ ಪುಲ್ಲಿ, ಫ್ಲೈವೀಲ್ ಮುಂತಾದ ಪ್ರತಿ ಸುತ್ತಿಗೂ ಸದ್ದು ಮಾಡುವ ಭಾಗಗಳನ್ನು ಬಿಟ್ಟುಬಿಡಬಹುದು. ಆದರೆ ಒಂದು ಸಿಲಿಂಡರಿನ ಎಕ್ಸಾಸ್ಟ್ ಸೋರಿಕೆಯೂ ಎರಡು ಸುತ್ತಿಗೊಮ್ಮೆಯೇ ಸದ್ದು ಮಾಡುತ್ತದೆ. ಪಿಸ್ಟನ್ನಿನ ಬಡಿತವೂ ಹೆಚ್ಚಾಗಿ ದಹನದ ಹೊಡೆತದಲ್ಲೇ ಜೋರು. ಹದಿನಾಲ್ಕು ಬಂದಿತೆಂದು ಗಾಬರಿಯಾಗುವುದೂ ಬೇಡ, ಎರಡು ಟ್ಯಾಪೆಟ್‌ಗಳು ಸದ್ದು ಮಾಡುತ್ತಿದ್ದರೂ ಹದಿನಾಲ್ಕು ಬರುತ್ತದೆ. ಪ್ಲಗ್ಗಿನ ಕಿಡಿಯ ಜೊತೆ ಮಿಂಚುವ ಟೈಮಿಂಗ್ ಲೈಟ್ ಹಿಡಿದು ಮಿಂಚಿಗೂ ಸದ್ದಿಗೂ ತಾಳೆ ನೋಡುವ ಹಳೆಯ ಮೆಕ್ಯಾನಿಕ್‌ಗಳು ಈ ಕಾರಿನಲ್ಲಿ ಒಂದು ವಿಷಯ ನೆನಪಿಡಬೇಕು: ಇದರ ಕಾಯಿಲ್‌ಗಳು ಒಂದೊಂದು ಪ್ಲಗ್ಗಿಗೂ ಕ್ರ್ಯಾಂಕಿನ ಪ್ರತಿ ಸುತ್ತಿನಲ್ಲೂ ಕಿಡಿ ಕೊಡುತ್ತವೆ, ಹಾಗಾಗಿ ಲೈಟ್ ಸಹ ಎರಡು ಸುತ್ತಿಗೊಮ್ಮೆ ಅಲ್ಲ, ಪ್ರತಿ ಸುತ್ತಿಗೂ ಮಿಂಚುತ್ತದೆ.

ಲಯಕ್ಕಿಂತ ಜಾಗ ಹೆಚ್ಚು ಹೇಳುತ್ತದೆ. ಮೆಕ್ಯಾನಿಕ್‌ಗಳ ಸ್ಟೆತಸ್ಕೋಪ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಆ ಹೆಬ್ಬೆರಳಿಗೆ ಕಿವಿಯ ಹಿಂದಿನ ಮೂಳೆಯನ್ನು ಒತ್ತಿ. ಸಡಿಲ ಬಟ್ಟೆ, ಉದ್ದ ಕೂದಲು, ಕೊರಳಿನ ಸರ ಯಾವುದೂ ಬೆಲ್ಟು ಮತ್ತು ಫ್ಯಾನಿನ ಹತ್ತಿರ ಸುಳಿಯಬಾರದು. ಚಾಲಕನ ಸೀಟಿನಿಂದ ಮುಂದಕ್ಕೆ ನೋಡುವಂತೆ ಎಣಿಸಿದರೆ ಈ ಎಂಜಿನ್ನಿನ ಎಡಕ್ಕೆ ಎಕ್ಸಾಸ್ಟ್, ಬಲಕ್ಕೆ ಇನ್‌ಟೇಕ್ ಇದೆ. ಕ್ಯಾಮ್ ಕವರಿನ ಬೋಲ್ಟುಗಳ ಮೇಲೆ ಒಂದೊಂದಾಗಿ ಇಟ್ಟು, ಮುಂದಿನಿಂದ ಹಿಂದಕ್ಕೆ, ಎಡದಿಂದ ಬಲಕ್ಕೆ ಹೋಗಿ. ಟ್ಯಾಪೆಟ್ ಆಗಿದ್ದರೆ ಒಂದು ಜಾಗದಲ್ಲಿ ಅದು ಕಿವಿಯೊಳಗೇ ಹೊಡೆದಷ್ಟು ಚೂಪಾಗಿ ಕೇಳಿಸುತ್ತದೆ, ಒಂದು ಗೇಣು ಸರಿದರೆ ಮಂದವಾಗುತ್ತದೆ. ಬಲಗಡೆ ಮ್ಯಾನಿಫೋಲ್ಡಿನ ಅಡಿಯಲ್ಲಿರುವ ಇಂಜೆಕ್ಟರುಗಳ ಮೇಲೂ ಇಟ್ಟು ನೋಡಿ. ನಾಲ್ಕೂ ಒಂದೇ ಸಮನೆ ಟಿಕ್ ಎನ್ನುತ್ತವೆ. ಅದು ಅವುಗಳ ಸಹಜ ಸದ್ದು, ಅದಕ್ಕೆ ಔಷಧಿಯೂ ಇಲ್ಲ, ಅಗತ್ಯವೂ ಇಲ್ಲ. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಸಹ ಟಿಕ್ ಎನ್ನುತ್ತದೆ. ಅದರ ಕನೆಕ್ಟರ್ ಕಿತ್ತ ಕ್ಷಣ ಸದ್ದು ನಿಂತರೆ ಹುಡುಕಾಟ ಅಲ್ಲಿಗೆ ಮುಗಿಯಿತು.

ಎಕ್ಸಾಸ್ಟ್ ಸೋರಿಕೆಗೆ ಸ್ಕ್ರೂಡ್ರೈವರ್ ಉಪಯೋಗಕ್ಕೆ ಬಾರದು, ಏಕೆಂದರೆ ಅಲ್ಲಿ ಲೋಹ ಬಡಿಯುತ್ತಿಲ್ಲ, ಗಾಳಿ ಸಿಡಿಯುತ್ತಿದೆ. ಅದಕ್ಕೆ ಒಂದು ಮೀಟರಿನಷ್ಟು ರಬ್ಬರ್ ಕೊಳವೆ ಬೇಕು. ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಮ್ಯಾನಿಫೋಲ್ಡಿನ ಅಂಚಿನುದ್ದಕ್ಕೂ ಮೆಲ್ಲಗೆ ಸಾಗಿಸಿ. ಸೋರುವ ಜಾಗಕ್ಕೆ ಬಂದಾಗ ಟಿಕ್ ಎಂಬುದು ಪಫ್ ಪಫ್ ಎಂದು ಬದಲಾಗುತ್ತದೆ. ಇದನ್ನು ರಾತ್ರಿಯಿಡೀ ನಿಂತ ಎಂಜಿನ್ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷದಲ್ಲೇ ಮಾಡಬೇಕು. ಲೋಹ ಬಿಸಿಯಾದರೆ ಬಿರುಕು ಮುಚ್ಚಿಕೊಳ್ಳುತ್ತದೆ, ನಿಮ್ಮ ಕೈಯೂ ಸುಡುತ್ತದೆ. ಸಹಾಯಕರೊಬ್ಬರು ದಪ್ಪ ಕೈಗವಸು ಹಾಕಿ ಒದ್ದೆ ಬಟ್ಟೆಯಿಂದ ಸೈಲೆನ್ಸರ್ ಬಾಯನ್ನು ಕ್ಷಣಕಾಲ ಒತ್ತಿ ಹಿಡಿದರೆ ಒಳಗಿನ ಒತ್ತಡ ಏರಿ ಸೋರಿಕೆಯ ಸದ್ದು ಒಮ್ಮೆಲೇ ಜೋರಾಗುತ್ತದೆ. ಟ್ಯಾಪೆಟ್ ಸದ್ದು ಹಾಗೆ ಜೋರಾಗುವುದಿಲ್ಲ. ಗ್ಯಾಸ್ಕೆಟ್ಟಿನ ಬದಿಯಲ್ಲಿ ಬೀಸಣಿಗೆಯಂತೆ ಹರಡಿದ ಮಸಿಯ ಗುರುತು, ನಟ್ಟು ಸಹಿತ ಮುರಿದುಬಿದ್ದ ಸ್ಟಡ್ ಕಂಡರೆ ಇನ್ನು ಬೇರೆ ಪುರಾವೆ ಬೇಡ. ಈ ಪರೀಕ್ಷೆಯನ್ನು ಬಯಲಿನಲ್ಲೇ ಮಾಡಿ. ಅಲ್ಲಿ ಸೋರುವುದು ಕಾರ್ಬನ್ ಮಾನಾಕ್ಸೈಡ್ ಬೆರೆತ ಹೊಗೆ. ಎರಡೇ ಸೀಟಿನ ಚಿಕ್ಕ ಕಾರಿನಲ್ಲಿ ಅದು ಹೀಟರ್ ದಾರಿಯಿಂದ ಒಳಬರಬಲ್ಲದು, ಹಾಗಾಗಿ ಇದನ್ನು ಕೇವಲ ಸದ್ದಿನ ಕಿರಿಕಿರಿ ಎಂದು ಮುಂದೂಡಬೇಡಿ.

ಪಿಸ್ಟನ್ ಹಾಗೂ ಟ್ಯಾಪೆಟ್‌ಗಳ ನಡುವೆ ವ್ಯತ್ಯಾಸ ತಿಳಿಯಲು ಒಂದೊಂದೇ ಸಿಲಿಂಡರಿನ ಕೆಲಸವನ್ನು ನಿಲ್ಲಿಸಿ ನೋಡಬೇಕು. ಪ್ಲಗ್ ವೈರ್ ಕಿತ್ತರೆ ಷಾಕ್ ಹೊಡೆಯಬಹುದು, ಸುಡದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳುಮಾಡುತ್ತದೆ. ಆದ್ದರಿಂದ ಇಂಜೆಕ್ಟರಿನ ಕನೆಕ್ಟರನ್ನೇ ತೆಗೆಯಿರಿ. ದಹನ ನಿಂತಾಗ ಪಿಸ್ಟನ್ನಿನ ಮೇಲಿನ ಹೊಡೆತ ಇಲ್ಲವಾಗಿ ಆ ಸಿಲಿಂಡರಿನ ಪಿಸ್ಟನ್ ಅಥವಾ ರಾಡ್ ಸದ್ದು ತಗ್ಗುತ್ತದೆ. ಟ್ಯಾಪೆಟ್‌ಗೆ ದಹನದೊಂದಿಗೆ ಸಂಬಂಧವಿಲ್ಲ. ಯಾವ ಸಿಲಿಂಡರ್ ನಿಲ್ಲಿಸಿದರೂ ಅದು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಮೊದಲ ಕೆಲವೇ ನಿಮಿಷ ಇದ್ದು ಹೋಗುವ ಮಂದವಾದ ಪಿಸ್ಟನ್ ಸದ್ದಿನೊಂದಿಗೆ ಹಳೆಯ ಎಂಜಿನ್‌ಗಳು ಬಹಳ ವರ್ಷ ಓಡಬಲ್ಲವು. ಬಿಸಿಯಾಗುವ ಮೊದಲು ಎಂಜಿನ್ನನ್ನು ಹೆಚ್ಚು ಆರ್‌ಪಿಎಂಗೆ ಒಯ್ಯದಿದ್ದರೆ ಸಾಕು.

ಏನನ್ನೂ ಬಿಚ್ಚುವ ಮೊದಲು ನಾಲ್ಕು ಸ್ಪಾರ್ಕ್ ಪ್ಲಗ್‌ಗಳ ಬಿಗಿತವನ್ನು ತಪ್ಪದೆ ನೋಡಿ. ಹಲವು ವರ್ಷಗಳ ಹಿಂದೆ ಇಂಥದ್ದೇ ಎರಡು ಸೀಟಿನ ಕಾರೊಂದು ನನ್ನ ಬಳಿಗೆ ಬಂದಿತ್ತು. ಅದರ ಮಾಲೀಕರಿಗೆ ಬೇರೊಂದು ಕಡೆ ಹೊಸ ಟ್ಯಾಪೆಟ್‌ಗಳನ್ನೇ ಹಾಕಿಕೊಟ್ಟಿದ್ದರು, ಸದ್ದು ಮಾತ್ರ ಹಾಗೇ ಇತ್ತು. ಮೂರನೆಯ ಸಿಲಿಂಡರಿನ ಪ್ಲಗ್ಗಿಗೆ ಸಾಕೆಟ್ ಇಟ್ಟಾಗ ಅದು ಯಾವ ಬಲವೂ ಇಲ್ಲದೆ, ಬೆರಳಿನಲ್ಲೇ ತಿರುಗಿತು. ಹೊರತೆಗೆದಾಗ ಬಿಳಿಯ ಪಿಂಗಾಣಿಯ ಬುಡದ ಸುತ್ತ ಕಂದು ಮಸಿಯ ಉಂಗುರವಿತ್ತು. ಪ್ರತಿ ದಹನಕ್ಕೂ ಥ್ರೆಡ್ಡಿನ ಸಂದಿಯಿಂದ ಗಾಳಿ ಸಿಡಿದು, ಪ್ಲಗ್ ಕೂರುವ ಆಳವಾದ ಕುಳಿಯಲ್ಲಿ ಅದು ಟಿಕ್ ಎಂದು ಮೊಳಗುತ್ತಿತ್ತು. ಅಂದಿನಿಂದ ಪ್ಲಗ್‌ಗಳ ಬಿಗಿತ ನೋಡದೆ ನಾನು ಯಾವ ಕ್ಯಾಮ್ ಕವರನ್ನೂ ತೆರೆದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಕಾರಿನಲ್ಲಿ ಉಳಿಯುವುದು ಟ್ಯಾಪೆಟ್ ಎಂದೇ ನನ್ನ ಬಲವಾದ ಊಹೆ. ಅದಕ್ಕೆ ಮೂರು ತಿಂಗಳು ಕಾರು ನಿಂತಿದ್ದುದೇ ಮುಖ್ಯ ಆಧಾರ. ಎಂಜಿನ್ ನಿಂತಾಗ ಕೆಲವು ಕ್ಯಾಮ್‌ಗಳು ವಾಲ್ವನ್ನು ಒತ್ತಿಹಿಡಿದ ಸ್ಥಿತಿಯಲ್ಲೇ ನಿಲ್ಲುತ್ತವೆ. ಆ ಟ್ಯಾಪೆಟ್‌ಗಳ ಮೇಲೆ ವಾಲ್ವ್ ಸ್ಪ್ರಿಂಗಿನ ಪೂರ್ತಿ ಒತ್ತಡ ವಾರಗಟ್ಟಲೆ ಬಿದ್ದು, ಒಳಗಿನ ಆಯಿಲ್ ಇಷ್ಟಿಷ್ಟಾಗಿ ಹಿಂಡಿಹೋಗುತ್ತದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಆಯಿಲಿಗಿಂತ ಮೊದಲು ಗಾಳಿ ಒಳಹೋಗುತ್ತದೆ. ಎಂಜಿನ್ ಪ್ರತಿ ಸಲವೂ ಬೇರೆ ಬೇರೆ ಸ್ಥಾನದಲ್ಲಿ ನಿಲ್ಲುವುದರಿಂದ ಒಂದು ದಿನ ಮುಂದೆ, ಇನ್ನೊಂದು ದಿನ ಹಿಂದೆ ಸದ್ದು ಬರುವುದೂ ಉಂಟು. ಹಾಗೆ ಜಾಗ ಬದಲಾಗುತ್ತಿದ್ದರೆ ಅದು ಒಳ್ಳೆಯ ಲಕ್ಷಣ, ಸವೆತಕ್ಕಿಂತ ಕೊಳೆ ಅಥವಾ ಗಾಳಿಯೇ ಕಾರಣ ಎಂಬುದರ ಸೂಚನೆ. ದಿನವೂ ಅದೇ ಒಂದು ಜಾಗದಿಂದ ಬರುವ ಸದ್ದು ಹೆಚ್ಚಿನ ಪಾಲು ಆ ಒಂದು ಟ್ಯಾಪೆಟ್‌ನ ಸವೆತವನ್ನು ಹೇಳುತ್ತದೆ.

ಮೊದಲ ಚಿಕಿತ್ಸೆ ಸರಳವಾದದ್ದು. ಸರಿಯಾದ ದರ್ಜೆಯ ಹೊಸ ಆಯಿಲ್, ಒಳ್ಳೆಯ ಫಿಲ್ಟರ್ ಹಾಕಿ, ಎಂಜಿನ್ ಪೂರ್ತಿ ಬಿಸಿಯಾಗುವಂತೆ ಪ್ರತಿ ಸಲವೂ ಅರ್ಧ ಗಂಟೆಯಾದರೂ ತೆರೆದ ರಸ್ತೆಯಲ್ಲಿ ಓಡಿಸಿ. ಸುಮಾರು 1000 ಕಿಲೋಮೀಟರ್ ಆದ ಮೇಲೆ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಮತ್ತೆ ಬದಲಿಸಿ. ಹೊಸ ಆಯಿಲಿನಲ್ಲಿ ಇರುವ ಶುಚಿಗೊಳಿಸುವ ಅಂಶಗಳೇ ಕೊಳೆಯನ್ನು ನಿಧಾನವಾಗಿ ಕರಗಿಸುತ್ತವೆ. ಒಮ್ಮೆಲೇ ತೊಳೆದುಬಿಡುವ ದ್ರವಗಳನ್ನು, ಆಯಿಲಿಗೆ ಗೇರ್‌ಬಾಕ್ಸ್ ದ್ರವ ಬೆರೆಸುವ ಹಳೆಯ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ದಶಕಗಳಿಂದ ಮೂಲೆಗಳಲ್ಲಿ ಗಟ್ಟಿಯಾಗಿ ಕುಳಿತ ಮಡ್ಡಿ ಚಕ್ಕೆಚಕ್ಕೆಯಾಗಿ ಎದ್ದು ಪಂಪಿನ ಜಾಲರಿಗೆ ಅಡ್ಡಬಂದರೆ, ಸದ್ದು ಮಾಡುತ್ತಿದ್ದ ಒಂದು ಟ್ಯಾಪೆಟ್‌ನ ಬದಲು ಆಯಿಲ್ ಇಲ್ಲದ ಬೇರಿಂಗ್‌ಗಳು ನಿಮ್ಮ ಪಾಲಿಗೆ ಬರುತ್ತವೆ.

ಎರಡನೆಯ ಆಯಿಲ್ ಬದಲಾವಣೆಯ ನಂತರವೂ ಸದ್ದು ಉಳಿದರೆ ಕ್ಯಾಮ್ ಕವರ್ ತೆಗೆಯಬಹುದು. ಕ್ಯಾಮಿನ ಉಬ್ಬು ಮೇಲ್ಮುಖವಾಗಿ, ಟ್ಯಾಪೆಟ್‌ನಿಂದ ದೂರ ಇರುವಂತೆ ಎಂಜಿನ್ನನ್ನು ಕೈಯಿಂದ ತಿರುಗಿಸಿಕೊಂಡು, ಒಂದೊಂದು ಬಟ್ಟಲನ್ನೂ ಮರದ ತುಂಡಿನಿಂದ ಕೆಳಕ್ಕೆ ಒತ್ತಿ ನೋಡಿ. ಒಳ್ಳೆಯದು ಕಲ್ಲಿನಂತೆ ನಿಲ್ಲುತ್ತದೆ. ಸೋತದ್ದು ಸ್ಪಂಜಿನಂತೆ ತಗ್ಗಿ, ಬಿಟ್ಟಾಗ ಮೇಲೇಳುತ್ತದೆ. ಅದನ್ನು ತೆಗೆಯಬೇಕಾದರೆ ಕ್ಯಾಮ್‌ಶಾಫ್ಟ್ ಬಿಚ್ಚಬೇಕು, ಕ್ಯಾಮ್‌ಶಾಫ್ಟ್ ಬಿಚ್ಚಬೇಕಾದರೆ ಟೈಮಿಂಗ್ ಬೆಲ್ಟ್ ಕಳಚಬೇಕು. ಒಂದು ಲಕ್ಷ ಕಿಲೋಮೀಟರಿಗೊಮ್ಮೆ ಬದಲಿಸಬೇಕಾದ ಬೆಲ್ಟ್ ಅದು. ಅದರ ಸರದಿ ಹತ್ತಿರವಿದ್ದರೆ ಬೆಲ್ಟ್, ಅದರ ರೋಲರುಗಳು, ಕ್ಯಾಮ್ ಸೀಲುಗಳು, ವಾಟರ್ ಪಂಪ್ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಿಕೊಳ್ಳುವುದು ಜಾಣತನ. ಒಂದು ಟ್ಯಾಪೆಟ್ ಸೋತಿದ್ದರೆ ಹದಿನಾರನ್ನೂ ಬದಲಿಸಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಉಳಿದ ಹದಿನೈದೂ ಅದೇ ಆಯಿಲಿನಲ್ಲಿ ಅಷ್ಟೇ ವರ್ಷ ದುಡಿದಿವೆ. ಹಳೆಯವನ್ನೇ ತೊಳೆದು ಮತ್ತೆ ಹಾಕುವುದಾದರೆ ಒಂದೊಂದಕ್ಕೂ ಸಂಖ್ಯೆ ಬರೆದಿಟ್ಟು, ತೆಗೆದ ಕುಳಿಗೇ ಹಾಕಬೇಕು. ಪ್ರತಿ ಬಟ್ಟಲೂ ತನ್ನ ಕ್ಯಾಮಿನೊಂದಿಗೆ ಸವೆದು ಹೊಂದಿಕೊಂಡಿರುತ್ತದೆ. ಕ್ಯಾಮ್ ಕ್ಯಾಪ್‌ಗಳ ಮೇಲಿನ ಸಂಖ್ಯೆ ಮತ್ತು ಬಾಣದ ಗುರುತುಗಳನ್ನು ನೋಡಿಕೊಂಡು, ಬೋಲ್ಟುಗಳನ್ನು ಹಂತ ಹಂತವಾಗಿ 11ರಿಂದ 14 ನ್ಯೂಟನ್ ಮೀಟರ್‌ವರೆಗೆ ಮಾತ್ರ ಬಿಗಿಮಾಡಿ. ಅಲ್ಯೂಮಿನಿಯಂ ಥ್ರೆಡ್ಡಿಗೆ ಅದಕ್ಕಿಂತ ಹೆಚ್ಚು ತಾಳುವ ಶಕ್ತಿ ಇಲ್ಲ.

ಇದನ್ನು ಓದುತ್ತಿರುವ ಬೇರೆ ಕಾರುಗಳ ಮಾಲೀಕರಿಗೆ ಒಂದು ಮಾತು. ಎಲ್ಲ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲೂ ಹೈಡ್ರಾಲಿಕ್ ಟ್ಯಾಪೆಟ್ ಇರುವುದಿಲ್ಲ. ಇದೇ ಕಾರಿನ ಎರಡನೆಯ ತಲೆಮಾರಿನ 1.8 ಎಂಜಿನ್ನಿನಲ್ಲಿ ಶಿಮ್ ಎಂಬ ತೆಳು ಲೋಹದ ಬಿಲ್ಲೆ ಹಾಕಿ ಎಡೆ ಹೊಂದಿಸುವ ಗಟ್ಟಿ ಟ್ಯಾಪೆಟ್‌ಗಳು ಬಂದವು. ಗಾಳಿಯಿಂದ ತಣಿಯುವ ಹಳೆಯ ಪೋರ್ಷೆ 911ರಲ್ಲಿ ಎಂಜಿನ್ ಪೂರ್ತಿ ತಣ್ಣಗಿರುವಾಗ 0.10 ಮಿಲಿಮೀಟರ್ ಎಡೆಯನ್ನು ಕೈಯಿಂದಲೇ ಹೊಂದಿಸಬೇಕು. ಅಂಥ ಎಂಜಿನ್‌ಗಳಲ್ಲಿ ಹಗುರವಾದ ಟಿಕ್ ಸದ್ದು ಇರುವುದೇ ಸರಿ. ಅದನ್ನು ಅಡಗಿಸಲೆಂದು ಎಡೆಯನ್ನು ಕಿರಿದು ಮಾಡಿದರೆ ವಾಲ್ವ್ ಪೂರ್ತಿ ಮುಚ್ಚದೆ, ತನ್ನ ಬಿಸಿಯನ್ನು ಸೀಟಿಗೆ ಬಿಟ್ಟುಕೊಡಲಾಗದೆ ಸುಟ್ಟುಹೋಗುತ್ತದೆ. ಗಟ್ಟಿ ಟ್ಯಾಪೆಟ್‌ನ ಎಂಜಿನ್ನಿನಲ್ಲಿ ಸದ್ದು ಮಾಡುವ ವಾಲ್ವಿಗಿಂತ ಅಸಹಜವಾಗಿ ಸುಮ್ಮನಿರುವ ವಾಲ್ವಿಗೆ ನಾನು ಹೆಚ್ಚು ಹೆದರುತ್ತೇನೆ.

ನಿಮ್ಮ ಕಾರಿಗೆ ಹೊಸ ಟ್ಯಾಪೆಟ್ ಹಾಕಿದ ದಿನ ಆತುರಪಡಬೇಡಿ. ಹೊಸವು ಆಯಿಲ್ ತುಂಬಿ ಉಬ್ಬಿರುತ್ತವೆ. ಕ್ಯಾಮ್ ಬಿಗಿಮಾಡಿದ ಕೂಡಲೇ ಎಂಜಿನ್ ತಿರುಗಿಸಿದರೆ ಮುಚ್ಚಬೇಕಾದ ವಾಲ್ವ್‌ಗಳು ತೆರೆದೇ ಉಳಿಯಬಹುದು. ಅರ್ಧ ಗಂಟೆ ಬಿಟ್ಟು, ಪ್ಲಗ್‌ಗಳನ್ನು ತೆಗೆದು, ಕ್ರ್ಯಾಂಕನ್ನು ಸ್ಪ್ಯಾನರ್ ಹಿಡಿದು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲಿಯೂ ತಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಬಳಿಕ ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರುಗಳನ್ನು ಬಿಡಿಸಿಟ್ಟು, ಜೋಡಿಸಿದ ಮೆಕ್ಯಾನಿಕಲ್ ಮೀಟರಿನಲ್ಲಿ ಒತ್ತಡ ಏರುವವರೆಗೆ ಸ್ಟಾರ್ಟರ್ ತಿರುಗಿಸಿ, ಆಮೇಲೆ ಎಲ್ಲವನ್ನೂ ಜೋಡಿಸಿ ಸ್ಟಾರ್ಟ್ ಮಾಡಿ. ಮೊದಲ ಹತ್ತಾರು ನಿಮಿಷ ಹೊಸ ಟ್ಯಾಪೆಟ್‌ಗಳೂ ಟಿಕ್ ಎನ್ನುತ್ತವೆ, ಗಾಳಿ ಹೊರಹೋಗುವವರೆಗೆ. ಆ ಮೀಟರನ್ನು ಆ ದಿನವೇ ಕಳಚಬೇಡಿ. ಬಿಸಿಯಾದ ಮೇಲಿನ ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಮುಂದಿನ ಸಲ ಸದ್ದು ಕೇಳಿಸಿದಾಗ ಹೋಲಿಸಲು ಅವೇ ಬೇಕಾಗುತ್ತವೆ.